ಊರಿಗೂರು ಸಾಫ್ ಮಾಡುವ ಮಾತು: ವಿಜಯಪುರದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಬೆಳಿಗ್ಗೆ ಗಾಂಧಿ ಚೌಕದ ಹತ್ತಿರ ಚಹಾ ಕುಡಿಯೋದು ರೂಢಿ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಗಡಿ ಕಡೆ ಕಾದಾಟ ನಡೆದಿತ್ತಲ್ಲ, ಆಗ ನನ್ನ ಹಳೇ ವಿದ್ಯಾರ್ಥಿಯೊಬ್ಬ ಬಶಿಗೆ ಚಹಾ ಸುರುವಿಕೊಳ್ಳುತ್ತಾ ಅಂದ: "ಬಾಂಬ್ ಒಗದು ಊರಿಗೂರ ಸಾಫ್ ಮಾಡ್ಬೇಕ್ರಿ ಸರ."

"ಊರಾಗ ಸಣ್ಣ ಹುಡುಗ್ರು ಇರ್ತಾವಲ್ಲೋ" ಅಂದೆ.

"ಅವ್ರು ನಮ್ಮ ಹುಡುಗ್ರನ್ನ ನೋಡ್ತಾರೇನ್ರಿ?"

ಅವನ ಸಿಟ್ಟು ಸುಳ್ಳಲ್ಲ. ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಶೆಲ್ ಬಿದ್ದು ಮಕ್ಕಳೂ ಸತ್ತಿದ್ದರು. ಆದರೆ ಅವನಿಗೆ ಪಾಠ ಹೇಳಿದವನು ನಾನು. ವರ್ಷಾ ವರ್ಷ ನಾನು ಕೇಳಿದ್ದು ಒಂದು ಅಂಕದ ಪ್ರಶ್ನೆ: ಹಿರೋಷಿಮಾ ಮೇಲೆ ಅಣುಬಾಂಬ್ ಹಾಕಿದ್ದು ಯಾವಾಗ? ಹುಡುಗರು 6 ಆಗಸ್ಟ್ 1945 ಅಂತ ಬರೆದರೆ ಟಿಕ್ ಹಾಕಿ ಮುಂದೆ ಹೋಗುತ್ತಿದ್ದೆ. ಅದೇ ವರ್ಷ ಮಾರ್ಚ್ 9ರ ರಾತ್ರಿ ಟೋಕಿಯೋದಲ್ಲಿ ಏನಾಯಿತು ಅಂತ ಒಮ್ಮೆಯೂ ಹೇಳಲಿಲ್ಲ. ಅಣುಬಾಂಬ್ ಅಲ್ಲ, ಬರೀ ಬೆಂಕಿ ಬಾಂಬ್. ಕಟ್ಟಿಗೆ ಮನೆಗಳು. ಬೆಳಗಾಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಜನ ಸತ್ತಿದ್ದರು. ಕಾಲುವೆಗೆ ಹಾರಿದವರೂ ಉಳಿಯಲಿಲ್ಲ.

ಜನರ ಎದೆ ಒಡೆದರೆ ಯುದ್ಧ ಬೇಗ ಮುಗಿಯುತ್ತೆ ಅನ್ನುವವರು ಆಗಲೂ ಇದ್ದರು. 1940ರಲ್ಲಿ ಜರ್ಮನರು ಲಂಡನ್ ಮೇಲೆ 57 ರಾತ್ರಿ ಬಿಡದೆ ಬಾಂಬ್ ಹಾಕಿದರು. ಲಂಡನ್ ಮಣಿಯಲಿಲ್ಲ. ಆಮೇಲೆ ಬ್ರಿಟನ್ನು ಜರ್ಮನಿಯ ಊರುಗಳನ್ನು ಸುಟ್ಟಿತು. ಅಲ್ಲಿನ ಕಾರ್ಖಾನೆಗಳಲ್ಲಿ ಯುದ್ಧಸಾಮಗ್ರಿ ತಯಾರಿ 1944ರ ನಡುವಿನವರೆಗೂ ಏರುತ್ತಲೇ ಇತ್ತು.

ಈಗ ನಿಮ್ಮ ಕ್ಷೇತ್ರಕ್ಕೇ ಬರುತ್ತೇನೆ. ಆಲಮಟ್ಟಿಗೆ ಎಷ್ಟು ಸಲ ಶಾಲೆ ಟ್ರಿಪ್ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಮಳೆಗಾಲದಲ್ಲಿ ಗೇಟ್ ತೆಗೆದಾಗ ದೂರ ನಿಂತರೂ ಕನ್ನಡಕದ ಮೇಲೆ ಹನಿ ಕೂರುತ್ತೆ. ಪಕ್ಕದವರ ಮಾತು ಕೇಳಿಸೋದಿಲ್ಲ. ತುಂಬಿದರೆ 123 ಟಿಎಂಸಿ ನೀರು. 1943ರ ಮೇ ತಿಂಗಳಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ, ಎಡರ್ ಅನ್ನುವ ಎರಡು ಅಣೆಕಟ್ಟು ಒಡೆದವು. ಸಾವಿರಕ್ಕೂ ಜಾಸ್ತಿ ಜನ ಕೊಚ್ಚಿಹೋದರು. ಅವರಲ್ಲಿ ಎಷ್ಟೋ ಮಂದಿ ಜರ್ಮನರೇ ಅಲ್ಲ. ಸೋವಿಯತ್ ನಾಡಿನಿಂದ ಹಿಡಿದು ತಂದು ದುಡಿಸುತ್ತಿದ್ದ ಹೆಣ್ಣುಮಕ್ಕಳು, ಅಂದರೆ ಬ್ರಿಟನ್ನಿನ ಮಿತ್ರದೇಶದವರು! ನೀರಿಗೆ ಅದೆಲ್ಲಿ ಗೊತ್ತಾಗಬೇಕು?

ಇಂಥದ್ದನ್ನೆಲ್ಲ ಕಂಡ ಮೇಲೆ 1977ರಲ್ಲಿ, ಯುದ್ಧದಲ್ಲಿ ಏನು ಮಾಡಬಾರದು ಅಂತ ಹೇಳುವ ಜಿನೀವಾ ಒಪ್ಪಂದಗಳಿಗೆ ಒಂದು ಹೆಚ್ಚುವರಿ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದ, ಸೇರಿಸಿದರು. ಊರಲ್ಲಿ ಅಲ್ಲೊಂದು ಇಲ್ಲೊಂದು ಸೇನಾ ನೆಲೆ ಇದೆ ಅಂತ ಇಡೀ ಊರನ್ನೇ ಒಂದು ಗುರಿ ಮಾಡಿಕೊಳ್ಳುವಂತಿಲ್ಲ ಅನ್ನುತ್ತೆ ಅದರ 51ನೇ ಕಲಂ. ನಮ್ಮ ಜನರನ್ನು ಕೊಂದರು ಅಂತ ಅವರ ಜನರ ಮೇಲೆ ಸೇಡು ತೀರಿಸಿಕೊಳ್ಳುವ ಹಾಗೂ ಇಲ್ಲ. ಅಣೆಕಟ್ಟು, ಅಣುಸ್ಥಾವರಗಳಿಗೆ 56ನೇ ಕಲಂ ಬೇರೆಯೇ ರಕ್ಷಣೆ ಕೊಡುತ್ತೆ. ಸೇನೆಯ ಕೈ ಕಟ್ಟಿಹಾಕುವ ಕಾನೂನು ಇದಲ್ಲ. ಶತ್ರುವಿನ ವಿಮಾನ ನೆಲೆಗೆ, ಮದ್ದಿನ ಗೋದಾಮಿಗೆ ಹೊಡೆಯಬಹುದು. 2025ರ ಮೇ 7ರಂದು ನಮ್ಮ ಸರ್ಕಾರವೇ ಹೇಳಿತಲ್ಲ, ಉಗ್ರರ ನೆಲೆಗಳಿಗಷ್ಟೇ ಅಳೆದು ಹೊಡೆದಿದ್ದೇವೆ ಅಂತ.

ಹಾಗಿದ್ದೂ ಭಾರತ ಈ ಪ್ರೋಟೋಕಾಲ್ ಸೇರಿಲ್ಲ. ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದು ಅಂತ 1988ರಲ್ಲೇ ಪಾಕಿಸ್ತಾನದ ಜೊತೆ ಒಪ್ಪಂದ ಮಾಡಿಕೊಂಡಿದ್ದೇವೆ. ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತವೆ. ಕೈಗಾ ಅಣುಸ್ಥಾವರಕ್ಕೆ ಆಗೋದು ಆಲಮಟ್ಟಿಗೆ ಯಾಕೆ ಆಗಬಾರದು?

ನೀವು ವಿದೇಶಾಂಗ ಸಚಿವರಿಗೆ ಈ ಒಂದು ಪ್ರಶ್ನೆ ಹಾಕಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸಾಕು, ಲಿಖಿತ ಉತ್ತರ ಬರುತ್ತೆ. ಅದರ ಒಂದು ಪ್ರತಿ ನನಗೂ ಕಳಿಸಿ. ಚಹಾದಂಗಡಿಯಲ್ಲಿ ಆ ಹುಡುಗನಿಗೆ ಓದಿ ಹೇಳಬೇಕು. ಅವನಿಗೆ ನಾನು ಕಲಿಸೋದು ಇನ್ನೂ ಬಾಕಿ ಇದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ವಿಜಯಪುರ