ಕ್ಯಾಲಿಬರ್ ಬರೆದರೆ ಕಾಡನ್ನೂ ಬರೆ

ಪ್ರಿಯ ತಮ್ಮನಿಗೆ,

ಅಮೆರಿಕದ ಶಿಕಾರಿ ಲೇಖಕರ ಮೇಲೆ ನೀನು ಕಳಿಸಿದ ಕರಡು ಓದಿದೆ. ಓಟ ಚೆನ್ನಾಗಿದೆ. ಆದರೆ ಎರಡನೇ ಪುಟದಲ್ಲೇ ‘ಜ್ಯಾಕ್ ಓಕಾನರ್ ರೂಪಿಸಿದ .270 ತೋಟಾ’ ಎಂದಿದ್ದೀಯ. ಮೊದಲು ಅದನ್ನು ಹೊಡೆದುಹಾಕು. .270 ವಿಂಚೆಸ್ಟರ್ ಕಂಪನಿಯ ಕೂಸು (ಇಂಥ ಅಂಕಿ ನಳಿಗೆಯ ಅಂದಾಜು ವ್ಯಾಸ, ಇಂಚಿನಲ್ಲಿ; ಅದೇ ಕ್ಯಾಲಿಬರ್). 1925ರಲ್ಲಿ ಮಾಡೆಲ್ 54 ಕೋವಿಯ ಜೊತೆ ಅದು ಅಂಗಡಿಗೆ ಬಂದಾಗ ಓಕಾನರ್‌ಗೆ ಇಪ್ಪತ್ತಮೂರು ವರ್ಷ. ಅವರು ಮಾಡಿದ್ದು ಬೇರೆಯೇ ಕೆಲಸ. ಮುಂದಿನ ದಶಕಗಳಲ್ಲಿ, ಹೆಚ್ಚಾಗಿ ‘ಔಟ್‌ಡೋರ್ ಲೈಫ್’ ಪತ್ರಿಕೆಯ ಕೋವಿ ಅಂಕಣದಲ್ಲಿ, ಆ ತೋಟಾಕ್ಕೆ ಒಂದು ಊರು, ಒಂದು ಪ್ರಾಣಿ, ಒಂದು ದೂರ ಕೊಟ್ಟರು. ಓದುಗರು ಆ ಮೂರನ್ನೂ ಬಿಟ್ಟು ಅಂಕಿಯನ್ನಷ್ಟೇ ಮನೆಗೆ ಒಯ್ದರು. ನಿನ್ನ ಲೇಖನದ ಜೀವ ಇರುವುದು ಇಲ್ಲಿ.

ಆ ಊರು ಯಾವುದು ನೋಡು. ಅರಿಜೋನಾ, ಗಡಿಯಾಚೆಗೆ ಮೆಕ್ಸಿಕೋದ ಸೊನೋರಾ. ಮರವಿಲ್ಲದ ಕಲ್ಲುಗುಡ್ಡ, ಎದುರು ಇಳಿಜಾರಿನಲ್ಲಿ ಸುಮಾರು 45 ಕಿಲೋ ತೂಗುವ ಕೂಸ್ ಜಿಂಕೆ, ಇನ್ನೂ ಮೇಲೆ ಬಿಗ್‌ಹಾರ್ನ್ ಎಂಬ ಕಾಡುಟಗರು. ದಿನವಿಡೀ ಹತ್ತಬೇಕು, ಆದ್ದರಿಂದ ಕೋವಿ ಹಗುರವಿರಬೇಕು. ದೂರದ ಅಂದಾಜು ತಪ್ಪಬಹುದು, ಆದ್ದರಿಂದ ಗುಂಡಿನ ಹಾದಿ ಚಪ್ಪಟೆಯಾಗಿರಬೇಕು. 130 ಗ್ರೇನ್, ಅಂದರೆ ಸುಮಾರು 8.4 ಗ್ರಾಂ ಗುಂಡು ಸೆಕೆಂಡಿಗೆ 3,060 ಅಡಿ ವೇಗದಲ್ಲಿ ಹೊರಟರೆ, 100 ಗಜದಲ್ಲಿ 3 ಇಂಚು ಮೇಲೆ ಬೀಳುವಂತೆ ದುರ್ಬೀನು ಹೊಂದಿಸಿದ ಕೋವಿ ಸುಮಾರು 275 ಗಜದಲ್ಲಿ ಮತ್ತೆ ಗುರಿಗೆ ಕೂಡುತ್ತದೆ. ಅಷ್ಟರೊಳಗೆ ಪ್ರಾಣಿ ಎಲ್ಲಿದ್ದರೂ ಬೇಟೆಗಾರ ಲೆಕ್ಕ ಹಾಕದೆ ಎದೆಗೇ ಗುರಿಯಿಡಬಹುದು. ಆ ಗುಡ್ಡಕ್ಕೆ ಇದು ಸರಿಯಾದ ಉತ್ತರ.

ಎದುರಾಳಿ ಎಲ್ಮರ್ ಕೀತ್, ಅವರೂ ಕೋವಿ ಲೇಖಕರೇ. ಇವರದು ಐಡಾಹೊ ರಾಜ್ಯದ ದಟ್ಟ ಕಾಡು, 300 ಕಿಲೋ ದಾಟುವ ಗಂಡು ಎಲ್ಕ್ ಎಂಬ ದೊಡ್ಡ ಜಿಂಕೆ. ಅಲ್ಲಿ ಪ್ರಾಣಿ ಕಾಣುವುದು ಮರಗಳ ನಡುವೆ ಒಂದೆರಡು ಕ್ಷಣ, ಎಷ್ಟೋ ಸಲ ಬೆನ್ನು ತಿರುಗಿಸಿ ಹೋಗುವಾಗ. ಗುಂಡು ಹಿಂಬದಿಯಿಂದ ಹೊಕ್ಕು, ಹುಲ್ಲು ತುಂಬಿದ ಹೊಟ್ಟೆ ದಾಟಿ ಶ್ವಾಸಕೋಶ ಮುಟ್ಟಬೇಕು. ಹಾಗಾಗಿ ಕೀತ್ ಕೇಳಿದ್ದು .33ಕ್ಕಿಂತ ಕಡಿಮೆಯಿಲ್ಲದ ವ್ಯಾಸ, 250 ಗ್ರೇನ್ ಅಥವಾ ಹೆಚ್ಚಿನ ತೂಕ. ಕಾರ್ಖಾನೆಯಲ್ಲಿ ಅಂಥದ್ದು ಸಿಗದಿದ್ದಾಗ ಇಬ್ಬರು ಗೆಳೆಯರೊಡನೆ ಸೇರಿ .333 ಓಕೆಹೆಚ್ ಎಂಬ ತೋಟಾ ಮಾಡಿಕೊಂಡರು. ನಡುವಿನ ‘ಕೆ’ ಇವರದೇ ಹೆಸರು. 1958ರಲ್ಲಿ .338 ವಿಂಚೆಸ್ಟರ್ ಮ್ಯಾಗ್ನಂ ಬಂದಾಗ ಈ ವಾದ ಕಾರ್ಖಾನೆಯ ಬಾಗಿಲು ದಾಟಿತ್ತು. ನೀನು ಇಬ್ಬರ ಜಗಳವನ್ನು ‘ವೇಗವೋ ತೂಕವೋ’ ಎಂಬ ತತ್ವದ ಜಗಳವಾಗಿ ಬರೆದಿದ್ದೀಯ. ಅರ್ಧ ಪಾಲು ಅದು ಇಳಿಜಾರಿಗೂ ದಟ್ಟಕಾಡಿಗೂ ನಡುವಿನ ಜಗಳ. ಓಕಾನರ್ ಕೂಡ 1948ರಲ್ಲಿ ಐಡಾಹೊಗೇ ಬಂದು ನೆಲೆಸಿದರು ಎಂಬುದನ್ನು ಬಿಡಬೇಡ, ಓದುಗನಿಗೆ ಸ್ವಲ್ಪ ಮಜಾ ಇರಲಿ. ಅವರು .270 ಬಿಟ್ಟು ಬೇರೆ ಮುಟ್ಟಲಿಲ್ಲ ಎಂಬುದೂ ಭಕ್ತರ ಮಾತು. .30-06 ಅವರ ಕೈಯಲ್ಲಿ ಧಾರಾಳವಾಗಿ ಇತ್ತು, ಆಫ್ರಿಕಾಕ್ಕೆ ಹೋದಾಗ .375 ಒಯ್ದರು, ಹೆಂಡತಿ ಎಲೀನರ್‌ಗೆ ಮೆಚ್ಚಾಗಿದ್ದದ್ದು ಮೆಲ್ಲಗೆ ಒದೆಯುವ 7×57 (ಇದರ ಅಂಕಿ ಮಿಲಿಮೀಟರಿನಲ್ಲಿ).

ಒದೆತದ ಮಾತು ಬಂತು. ಕರಡಿನಲ್ಲಿ .338 ‘ಸ್ವಲ್ಪ ಜಾಸ್ತಿ ಒದೆಯುತ್ತದೆ’ ಎಂದು ಬರೆದಿದ್ದೀಯ. ಸ್ವಲ್ಪ ಅಂದರೆ ಎಷ್ಟು? ಗುಂಡಿನ ಗ್ರೇನ್ ತೂಕವನ್ನು ಅದರ ವೇಗದಿಂದ ಗುಣಿಸು. ಮದ್ದಿನ ಗ್ರೇನ್ ತೂಕವನ್ನು 4,000ದಿಂದ ಗುಣಿಸು. ಅದು ನಳಿಗೆಯಿಂದ ನುಗ್ಗುವ ಅನಿಲದ ವೇಗಕ್ಕೆ ಹಿಡಿದ ಅಂದಾಜು. ಎರಡನ್ನೂ ಕೂಡಿ, ಕೋವಿಯ ಪೌಂಡ್ ತೂಕವನ್ನು 7,000ದಿಂದ ಗುಣಿಸಿದ ಮೊತ್ತದಿಂದ ಭಾಗಿಸಿದರೆ ಕೋವಿ ಹಿಂದಕ್ಕೆ ಬರುವ ವೇಗ ಸಿಗುತ್ತದೆ. ಅದರ ವರ್ಗವನ್ನು ಕೋವಿಯ ತೂಕದಿಂದ ಗುಣಿಸಿ 64.4ರಿಂದ ಭಾಗಿಸು, ಅಡಿ-ಪೌಂಡ್ ಬಂತು. ದುರ್ಬೀನೂ ಸೇರಿ 8 ಪೌಂಡ್ ತೂಗುವ ಕೋವಿಯಲ್ಲಿ 130 ಗ್ರೇನಿನ .270 ಸುಮಾರು 15, 180 ಗ್ರೇನಿನ .30-06 ಸುಮಾರು 20, 250 ಗ್ರೇನಿನ .338 ಸುಮಾರು 35. .270ರ ಎರಡರಷ್ಟಕ್ಕೂ ಮೇಲೆ! ಅನಿಲದ ವೇಗಕ್ಕೆ ಬೇರೆ ಅಂಕಿ ಹಿಡಿದವರಿಗೆ ಮೊತ್ತ ಬೇರೆ ಬರುತ್ತದೆ, ಆದ್ದರಿಂದ ಬೇರೆ ಬೇರೆ ಪಟ್ಟಿಗಳ ಅಂಕಿಗಳನ್ನು ಬೆರೆಸಬೇಡ. ಲೇಖಕನ ಮಾತು ನಂಬಿ .338 ಕೊಂಡವನು ಹತ್ತು ಈಡು ಹೊಡೆಯುವಷ್ಟರಲ್ಲಿ ಟ್ರಿಗರ್ ಎಳೆಯುವ ಮೊದಲೇ ಭುಜ ಕುಗ್ಗಿಸಲು ಕಲಿಯುತ್ತಾನೆ. ಹಾಗೆ ಬೆಚ್ಚುವವನನ್ನು ಹಿಡಿಯುವುದು ಸುಲಭ: ಅವನಿಗೆ ಗೊತ್ತಾಗದಂತೆ ನಡುನಡುವೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿಸಿ ಕೊಡಬೇಕು. ಬರೀ ‘ಟಿಕ್’ ಅಂದಾಗ ನಳಿಗೆಯ ತುದಿ ಕೆಳಗೆ ಬಾಗಿದರೆ ಉತ್ತರ ಸಿಕ್ಕಿತು. ಅಂಥ ಕೈಯಲ್ಲಿ ದೊಡ್ಡ ಗುಂಡು ಎಲ್ಕ್‌ನ ಹೊಟ್ಟೆಗೆ ಬೀಳುತ್ತದೆ. ಚಿಕ್ಕ ಗುಂಡು ಎದೆಗೆ ಬಿದ್ದಿದ್ದರೆ ಕೆಲಸ ಮುಗಿಯುತ್ತಿತ್ತು.

ಲೇಖಕರ ಮಾತು ಮಾರುಕಟ್ಟೆಯನ್ನು ಹೇಗೆ ಆಡಿಸುತ್ತದೆ ಎಂಬುದಕ್ಕೆ ನಿನ್ನಲ್ಲಿ ಉದಾಹರಣೆ ಕಮ್ಮಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1955ರ ಜೋಡಿ. ಆ ವರ್ಷ, ಹೆಸರಿನ ಅಂಕಿ ಬೇರೆಯಾದರೂ, ಒಂದೇ ವ್ಯಾಸದ ಎರಡು ತೋಟಾ ಬಂದವು: .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್. ರೆಮಿಂಗ್ಟನ್‌ನದರಲ್ಲಿ ಮದ್ದಿಗೆ ಜಾಗ ತುಸು ಹೆಚ್ಚೇ ಇತ್ತು. ಆದರೆ ಅದರ ನಳಿಗೆಯೊಳಗಿನ ಗೆರೆ 12 ಇಂಚಿಗೆ ಒಂದು ಸುತ್ತು ತಿರುಗುತ್ತಿತ್ತು, ವಿಂಚೆಸ್ಟರ್‌ನದು 10 ಇಂಚಿಗೆ ಒಂದು. ಗುಂಡು ಉದ್ದವಾದಷ್ಟೂ ಅದನ್ನು ನೆಟ್ಟಗಿಡಲು ಬೇಗ ತಿರುಗಿಸಬೇಕು. ನಿಧಾನ ತಿರುಪಿನ .244ಗೆ 90 ಗ್ರೇನಿನವರೆಗೆ ಭರವಸೆ, ಚೂಪುಮೂತಿಯ 100 ಗ್ರೇನ್ ಅಡ್ಡಾದಿಡ್ಡಿಯಾಗಬಹುದಿತ್ತು. ಜಿಂಕೆಗೆ 100 ಗ್ರೇನ್ ಬೇಕು ಎಂದು ಬರಹಗಳು ಹೇಳಿದವು. 90ಕ್ಕೂ 100ಕ್ಕೂ ಜಿಂಕೆಯ ದೇಹದಲ್ಲಿ ಏನು ವ್ಯತ್ಯಾಸ ಎಂದು ಕೇಳಿದವರು ಕಮ್ಮಿ. .244ಗೆ ‘ಇಲಿ ಅಳಿಲು ಹೊಡೆಯುವ ಕೋವಿ’ ಎಂಬ ಹಣೆಪಟ್ಟಿ ಅಂಟಿತು. 1963ರಲ್ಲಿ ತಿರುಪನ್ನು 9 ಇಂಚಿಗೆ ಬಿಗಿ ಮಾಡಿ, 6ಎಂಎಂ ರೆಮಿಂಗ್ಟನ್ ಎಂದು ಹೆಸರೂ ಬದಲಾಯಿಸಿದರು. ಕಾಲ ಮಿಂಚಿತ್ತು. ‘ಫೀಲ್ಡ್ ಅಂಡ್ ಸ್ಟ್ರೀಮ್’ ಪತ್ರಿಕೆಯ ವಾರೆನ್ ಪೇಜ್ ಈ ವ್ಯಾಸದ ದೊಡ್ಡ ವಕ್ತಾರರಾಗಿದ್ದರು, ಅವರನ್ನೂ ಒಂದು ಸಾಲಿನಲ್ಲಿ ತಾ.

ಲೇಖಕರಿಗಿಂತ ಆಳವಾಗಿ ಬೇರು ಬಿಡುವವರು ಮನೆಯ ಹಿರಿಯರು. ಅಪ್ಪನೋ ಮಾವನೋ ಮೊದಲು ಕೈಗೆ ಕೊಟ್ಟ ಕೋವಿಯೇ ‘ಕೋವಿ’ ಎನ್ನುವುದರ ಅರ್ಥವಾಗಿಬಿಡುತ್ತದೆ. ಪೂರ್ವ ಅಮೆರಿಕದ ಕುರುಚಲು ಕಾಡುಗಳಲ್ಲಿ ಅದು ಹಲವು ತಲೆಮಾರು ವಿಂಚೆಸ್ಟರ್ 94, .30-30. ನೂರು ಗಜದೊಳಗಿನ ಬೇಟೆಗೆ ಅದು ಇಂದಿಗೂ ಸಾಕು. ಜೊತೆಗೆ ಬರುವ ಮಾತು ಮಾತ್ರ ತಪ್ಪು: ಮೊಂಡುಮೂತಿಯ, ನಿಧಾನದ ಗುಂಡು ಪೊದೆ ಸೀಳಿಕೊಂಡು ನೇರ ಹೋಗುತ್ತದಂತೆ. ಕಡ್ಡಿ ತಾಗಿದರೆ ಎಲ್ಲ ಗುಂಡೂ ವಾಲುತ್ತದೆ. ಎಷ್ಟು ತಪ್ಪುತ್ತದೆ ಎಂಬುದು ಮುಖ್ಯವಾಗಿ ಕಡ್ಡಿಗೂ ಪ್ರಾಣಿಗೂ ನಡುವಿನ ದೂರಕ್ಕೆ ಬಿಟ್ಟದ್ದು.

ಮಕ್ಕಳಿಗೆ .410 ಒಂಟಿನಳಿಗೆಯ ಚರೆಕೋವಿ ಕೊಡುವುದೂ ಹಿರಿಯರ ಪ್ರೀತಿಯ ಎಡವಟ್ಟೇ. ಹಗುರ, ಸದ್ದು ಕಮ್ಮಿ, ಸರಿ. ಆದರೆ ಅದರ ಎರಡೂವರೆ ಇಂಚಿನ ತೋಟಾದಲ್ಲಿ ಚರೆ ಅರ್ಧ ಔನ್ಸ್ ಮಾತ್ರ. ಅದಕ್ಕಿಂತ ಅಗಲ ನಳಿಗೆಯ 20 ಗೇಜಿನ ಸಾಮಾನ್ಯ ತೋಟಾದಲ್ಲಿ ಔನ್ಸಿನ ಎಂಟರಲ್ಲಿ ಏಳು ಪಾಲು. ಚರೆ ಕಡಿಮೆಯಾದಷ್ಟೂ ಹಾರುವ ಹಕ್ಕಿಯ ಸುತ್ತ ಸಂದು ಜಾಸ್ತಿ. ನುರಿತವರೂ ತಪ್ಪುವ ಕೋವಿಯನ್ನು ಹುಡುಗನ ಕೈಗಿಟ್ಟರೆ ಅವನು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾನೆ. ಟ್ರಿಗರಿನಿಂದ ಭುಜದ ತುದಿಯವರೆಗೆ ದೊಡ್ಡವರ ಕೋವಿ 13.5ರಿಂದ 14 ಇಂಚು ಇರುತ್ತದೆ. ಹನ್ನೆರಡು ವರ್ಷದ ಹುಡುಗನಿಗೆ 12, 12.5 ಸಾಕು. ಸ್ಟಾಕ್, ಅಂದರೆ ಭುಜಕ್ಕೊತ್ತುವ ಮರದ ಹಿಡಿ, ಕತ್ತರಿಸಲು ಮನಸ್ಸು ಬಾರದ ಅಪ್ಪ, ಮಗ ಕತ್ತು ಚಾಚಿ ಗುರಿಯಿಡುವುದನ್ನು ನೋಡುತ್ತ ನಿಲ್ಲುತ್ತಾನೆ.

ನಮ್ಮ ಕಡೆಯ ಓದುಗ ಈ ವಿಷಯಕ್ಕೆ ಬರುವುದು ಪುಸ್ತಕದ ಬಾಗಿಲಿನಿಂದ. 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ಇಲ್ಲಿ ಓದುವ ಸಂಗತಿಯಾಗಿ ಉಳಿದಿದೆ. ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದಿನಂದು ಪೂಜೆಗೆ ಇಟ್ಟ ಕೋವಿಯೂ ಬೇಟೆಗೆ ಹೋಗುವಂತಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ .405 ವಿಂಚೆಸ್ಟರ್ ಅನೇಕ ಕನ್ನಡಿಗರಿಗೆ ಬಾಯಿಪಾಠ. ಅದರ 300 ಗ್ರೇನ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ಅಟ್ಟಣೆಯ ಮೇಲಿಂದ ಹತ್ತಿರದ ಹುಲಿಗೆ ಅದು ಸರಿ, ಸೊನೋರಾದ ಗುಡ್ಡಕ್ಕೆ ಒಯ್ದರೆ ಗುಂಡು ಜಿಂಕೆಯ ಕಾಲಡಿ ಬೀಳುತ್ತದೆ. ನಿನ್ನ ಓದುಗನಿಗೆ ಇದನ್ನು ಎದುರುಬದುರು ಇಟ್ಟು ತೋರಿಸು, ಬೇಗ ಅರ್ಥವಾಗುತ್ತದೆ.

ಕರಮೋಜೊ ಬೆಲ್ ಬಗ್ಗೆ ನೀನು ಬರೆದ ಪ್ಯಾರಾ ಅಪಾಯಕಾರಿ. ಸಾವಿರಕ್ಕೂ ಹೆಚ್ಚು ಆನೆ ಕೊಂದ ಆ ಸ್ಕಾಟ್ಲೆಂಡಿನವರು ಹೆಚ್ಚಾಗಿ ಬಳಸಿದ್ದು ಚಿಕ್ಕ 7×57 ಎಂಬುದು ನಿಜ. ಆದರೆ ಒಡೆಯದ, ಪೂರ್ತಿ ಲೋಹದ ಹೊದಿಕೆಯ 173 ಗ್ರೇನ್ ಗುಂಡು ಎಂಬುದನ್ನು ಬಿಟ್ಟಿದ್ದೀಯ. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ ಮಿದುಳು ಎಲ್ಲಿದೆ ಎಂದು ಅಭ್ಯಾಸ ಮಾಡಿದ್ದರು ಎಂಬುದನ್ನೂ ಬಿಟ್ಟಿದ್ದೀಯ. ಇವೆರಡೂ ಇಲ್ಲದೆ ಉಳಿಯುವುದು ‘ಚಿಕ್ಕ ಕೋವಿಯಲ್ಲೂ ಆನೆ ಹೊಡೆಯಬಹುದು’ ಎಂಬ ಸಾಲು.

ಇನ್ನು ನೀನೇ ಮುಂದೆ ಕೋವಿ ಪರೀಕ್ಷೆ ಬರೆಯುವುದಾದರೆ, ಒಂದೇ ಗುರಿಗೆ ಹೊಡೆದ ಮೂರು ಈಡಿನ ಗುಂಪನ್ನು ನಂಬಬೇಡ. ಮೂರರ ಸರಾಸರಿ ಹರವು 1 ಇಂಚು ಇರುವ ಕೋವಿ, ಏನೂ ಕೆಡದೆ, ಐದು ಈಡಿಗೆ ಸುಮಾರು ಒಂದೂಕಾಲು, ಹತ್ತಕ್ಕೆ ಒಂದೂವರೆ ದಾಟುತ್ತದೆ. ಪರೀಕ್ಷೆಗೆ ಬಂದ ಹತ್ತು ಗುಂಪಿನಲ್ಲಿ ಚಂದದ್ದೊಂದರ ಫೋಟೋ ಹಾಕುವುದು ಈ ಕಸುಬಿನ ಹಳೇ ಚಾಳಿ. ವೇಗವನ್ನು ಕ್ಯಾಟಲಾಗಿನಿಂದ ಇಳಿಸಬೇಡ, ಅಳೆದು ಬರೆ: ಅಲ್ಲಿಯ ಅಂಕಿ ಸಾಮಾನ್ಯವಾಗಿ 24 ಇಂಚಿನ ನಳಿಗೆಯದು, ಗುಡ್ಡದ ಕೋವಿಗೆ 22 ಇದ್ದರೆ ಇಂಚಿಗೆ 25ರಿಂದ 40 ಅಡಿ ಕಳೆ. ಕೋವಿ ಕಂಪನಿ ಎರವಲು ಕೊಟ್ಟದ್ದೋ ಅಂಗಡಿಯಲ್ಲಿ ಕೊಂಡದ್ದೋ ಎಂಬುದು ಮೊದಲ ಪ್ಯಾರಾದಲ್ಲೇ ಇರಲಿ.

ಮರುಕರಡಿನಲ್ಲಿ .280 ರೆಮಿಂಗ್ಟನ್ ಸೇರಿಸು. 1957ರಲ್ಲಿ ಬಂತು, .270ಗೆ ಹೆಚ್ಚುಕಡಿಮೆ ಸರಿಸಮ, 1979ರಲ್ಲಿ ಹೆಸರು ಬದಲಾಯಿಸಿಕೊಂಡು ಸ್ವಲ್ಪ ಸಮಯಕ್ಕೇ ಹಳೇ ಹೆಸರಿಗೆ ಮರಳಿತು, .270 ಅನ್ನು ಮಾತ್ರ ಹಿಂದಿಕ್ಕಲಿಲ್ಲ. ಅದಕ್ಕೊಬ್ಬ ಓಕಾನರ್ ಸಿಗಲಿಲ್ಲ ಎಂದು ಬರೆಯಲು ನಿನ್ನ ಕೈ ತುರಿಸುತ್ತದೆ. ಬರೆಯುವ ಮುನ್ನ ಇದನ್ನೂ ನೋಡು: ಮಾಡೆಲ್ 740 ಎಂಬ ಅರೆ-ಸ್ವಯಂಚಾಲಿತ ಕೋವಿಗೆ ಹೊಂದಲಿ ಎಂದು ಕಂಪನಿಯೇ ಅದರ ಒತ್ತಡವನ್ನು .270ಗಿಂತ ಕೆಳಗೆ ಇಟ್ಟಿತ್ತು. ಎರಡರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ನೀನೇ ತೀರ್ಮಾನಿಸಿ ಆ ಪ್ಯಾರಾ ಮೊದಲು ಕಳಿಸು, ಉಳಿದದ್ದು ನಿಧಾನಕ್ಕೆ ಬರಲಿ.

ಪ್ರೀತಿಯಿಂದ,
ನಿನ್ನ ಅಣ್ಣ