ಕಿವಿ ಮುಳುಗಲಿ ಬಿಡು

ಪ್ರೀತಿಯ ಗೆಳೆಯಾ,

ಭಾನುವಾರ ಸಂಜೆ ನೀನು ಫೋನ್ ಮಾಡಿದಾಗ "ಮುಗಿಸಿದೆ ಕಣೋ, ಆಮೇಲೆ ಹೇಳ್ತೀನಿ" ಅಂದುಬಿಟ್ಟೆ. ಬಸ್ಸು ಶಿರಾಡಿ ಘಾಟಿ ಹತ್ತುತ್ತಿತ್ತು, ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಸಿಗ್ನಲ್ ಇದ್ದಿದ್ದರೂ ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಜಾಗದಲ್ಲಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ಇದರಲ್ಲಿ ನಿನ್ನ ಪಾಲು ಎಷ್ಟಿದೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ನನಗೆ ಆಸೆ.

ನಾನು ಮಾಡಿದ್ದು ಸ್ಪ್ರಿಂಟ್ ಟ್ರಯಥ್ಲಾನ್. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಂದರ ಬೆನ್ನಿಗೆ ಒಂದು. ನಡುವೆ ಗಡಿಯಾರ ನಿಲ್ಲುವುದಿಲ್ಲ, ಶೂ ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೀನ್ ನದಿಯ ನೀರು ಚೆನ್ನಾಗಿಲ್ಲ ಅಂತ ಗಂಡಸರ ಸ್ಪರ್ಧೆಯನ್ನು ಒಂದು ದಿನ ಮುಂದಕ್ಕೆ ಹಾಕಿದರಲ್ಲ, ನೀನೇ ಆ ಸುದ್ದಿ ಕಳಿಸಿದ್ದೆ, ಅದೇ ಆಟ. ಅಲ್ಲಿ 1.5 ಕಿಲೋಮೀಟರ್, 40, 10. ನಮ್ಮದು ಸರಿಯಾಗಿ ಅದರ ಅರ್ಧ.

ಒಂಬತ್ತು ತಿಂಗಳು ತಯಾರಿ ಮಾಡಿದೆ. ಸೆಕೆಂಡ್ ಹ್ಯಾಂಡ್ ಸೈಕಲ್ ಒಂದು ತಗೊಂಡು ಶನಿವಾರ ನಂದಿ ಬೆಟ್ಟದ ಕಡೆ, ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಟ. ಬೆಳಗ್ಗೆ ಆರಕ್ಕೆ ಈಜುಕೊಳ. 25 ಮೀಟರ್ ಕೊಳ, ಒಂದು ತುದಿಯಿಂದ ಇನ್ನೊಂದು ತುದಿಗೆ 30 ಸಲ ಹೋದರೆ 750 ಆಗುತ್ತದೆ. ಶುರುವಿನಲ್ಲಿ ಎರಡು ಸಲ ಹೋಗುವಷ್ಟರಲ್ಲಿ ಏದುಸಿರು. ಬಾವಿಯಲ್ಲಿ ಕಲಿತ ಈಜು ತಲೆ ಎತ್ತಿಕೊಂಡು ಹೊಡೆಯುವ ಈಜು, ಹತ್ತು ಮಾರು ಹೋಗುವುದಕ್ಕೆ ಸಾಕು, ದೂರಕ್ಕೆ ಅಲ್ಲ. ಮುಖ ನೀರೊಳಗಿಟ್ಟು ಉಸಿರು ಬಿಡುವುದು, ಪಕ್ಕಕ್ಕೆ ತಿರುಗಿ ಎಳೆದುಕೊಳ್ಳುವುದು, ಎಲ್ಲ ಹೊಸದಾಗಿ ಕಲಿಯಬೇಕಾಯಿತು. ಆದರೂ ಕೊಳದ ತಳದಲ್ಲಿ ಕಪ್ಪು ಗೆರೆ ಇರುತ್ತದೆ. ಅದನ್ನೇ ನೋಡಿಕೊಂಡು ಹೋದರೆ ದಾರಿ ತಪ್ಪುವ ಮಾತೇ ಇಲ್ಲ. ಸುಸ್ತಾದರೆ ಕಾಲು ಊರಬಹುದು. ಬೆಂಗಳೂರಿನ ಕೆರೆಗಳಲ್ಲಿ ಈಜುವ ಹಾಗಿಲ್ಲವಲ್ಲ, ಹಾಗಾಗಿ ತೆರೆದ ನೀರಿಗೆ ನಾನು ಇಳಿದೇ ಇರಲಿಲ್ಲ. ಅದು ತಪ್ಪು. ಯಾರಾದರೂ ಇದನ್ನು ಓದಿ ಹೊರಡುವವರಿದ್ದರೆ ಮೊದಲು ಆ ಕೆಲಸ ಮಾಡಲಿ.

ಸ್ಪರ್ಧೆ ಇದ್ದದ್ದು ಮಂಗಳೂರಿನ ತಣ್ಣೀರುಬಾವಿಯಲ್ಲಿ. ಹಿಂದಿನ ದಿನ ಸುಲ್ತಾನ್ ಬತ್ತೇರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿದೆ. ಆ ಕಡೆ ದಡಕ್ಕೆ ಇಳಿದು ಸ್ವಲ್ಪ ನಡೆದರೆ ಗಾಳಿಮರದ ತೋಪು, ಅದರಾಚೆ ಕಡಲು. ಬಂದರಿಗೆ ಹೋಗಬೇಕಾದ ಹಡಗುಗಳು ದೂರದಲ್ಲಿ ಸಾಲಾಗಿ ನಿಂತಿದ್ದವು. ಮಧ್ಯಾಹ್ನದ ಹೊತ್ತು, ಗಾಳಿ ಜೋರು, ಅಲೆಗಳು ಎದೆಮಟ್ಟ ಏಳುತ್ತಿದ್ದವು. ನೋಡಿ ಹೊಟ್ಟೆಯೊಳಗೆ ತಣ್ಣಗಾಯಿತು. ಟೀ ಅಂಗಡಿಯ ಅಜ್ಜ ನನ್ನ ಮುಖ ನೋಡಿಯೇ ಹೇಳಿದರು, "ಬೆಳಿಗ್ಗೆ ಹೀಗೆ ಇರುದಿಲ್ಲ ಮಾರಾಯ್ರೆ." ಅವರ ಮಾತು ನಿಜ. ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ, ನೆಲ ಕಾದ ಮೇಲೆ ತಿರುಗುತ್ತದೆ. ಅದಕ್ಕೇ ಇಲ್ಲಿ ಈಜು ಯಾವಾಗಲೂ ಬೆಳಕು ಹರಿಯುವ ಹೊತ್ತಿಗೆ, ಅದೂ ಮಳೆಗಾಲ ಮುಗಿದ ಮೇಲೆ.

ಬೆಳಗ್ಗೆ ಐದಕ್ಕೆ ಹೋದೆ. ತೋಳಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆದರು. ಕಾಲಿಗೆ ಗೆಜ್ಜೆ ಕಟ್ಟಿದ ಹಾಗೆ ಒಂದು ಪಟ್ಟಿ, ಅದರೊಳಗೆ ಟೈಮಿಂಗ್ ಚಿಪ್. ಸೈಕಲ್ ನಿಲ್ಲಿಸುವ ಜಾಗಕ್ಕೆ ಟ್ರಾನ್ಸಿಶನ್ ಅನ್ನುತ್ತಾರೆ. ನಮ್ಮ ಸೈಕಲ್ ಪಕ್ಕ ಒಂದು ಟವೆಲ್ ಹಾಸಿ ಬೇಕಾದ್ದನ್ನೆಲ್ಲ ಜೋಡಿಸಿಡಬೇಕು. ಶೂ ಒಳಗೆ ಪೌಡರ್ ಉದುರಿಸಿದೆ, ಒದ್ದೆ ಕಾಲು ಜಾರಿ ಹೋಗಲಿ ಅಂತ. ಹೆಲ್ಮೆಟ್ಟನ್ನು ಹ್ಯಾಂಡಲ್ ಮೇಲೆ ಬೋರಲಾಗಿಟ್ಟು ಪಟ್ಟಿ ಬಿಚ್ಚಿ ಇಟ್ಟೆ. ಹೆಲ್ಮೆಟ್ಟಿನ ಪಟ್ಟಿ ಹಾಕುವ ತನಕ ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯುವ ಹಾಗಿಲ್ಲ, ಅದು ಕಟ್ಟುನಿಟ್ಟು. ಕುತ್ತಿಗೆಗೂ ಕಂಕುಳಿಗೂ ವ್ಯಾಸಲೀನ್ ಬಳಿದುಕೊಂಡೆ. ಉಪ್ಪುನೀರಿನಲ್ಲಿ ಬಟ್ಟೆ ಉಜ್ಜಿದರೆ ಚರ್ಮ ಕಿತ್ತುಬರುತ್ತದಂತೆ.

ದಾರಿ ಗುರುತಿಗೆ ಅಂತ ನೀರಿನಲ್ಲಿ ಮೂರು ದೊಡ್ಡ ಕಿತ್ತಳೆ ಬಣ್ಣದ ಬೋಯ್, ಅಂದರೆ ಗಾಳಿ ತುಂಬಿದ ಬುರುಡೆ, ತೇಲಿಬಿಟ್ಟಿದ್ದರು. ದಡದಿಂದ ನೋಡಿದರೆ ಥೇಟ್ ಈಜು ಕಲಿಯುವಾಗ ತೇಲಲಿ ಅಂತ ನಾವು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಒಣ ಸೋರೆಬುರುಡೆ! ಅವುಗಳ ಸುತ್ತ ಹೋಗಿ ವಾಪಸ್ ಬರಬೇಕು. ಹಿಂದಿನ ಸಂಜೆ ಬ್ರೀಫಿಂಗ್‌ನಲ್ಲಿ ಒಂದು ಮಾತು ಹೇಳಿದ್ದರು. ಸುಸ್ತಾದರೆ ಬೋಯ್ ಆಗಲಿ, ಕಾಯಕ್ ದೋಣಿ ಆಗಲಿ ಹಿಡಿದುಕೊಳ್ಳಬಹುದು, ಅದನ್ನು ಹಿಡಿದು ಮುಂದೆ ಹೋಗುವ ಹಾಗಿಲ್ಲ ಅಷ್ಟೆ. ಕೇಳಿಸಿಕೊಂಡಿದ್ದೆ, ನನಗೆ ಬೇಕಾಗುತ್ತದೆ ಅಂದುಕೊಂಡಿರಲಿಲ್ಲ.

ಸೀಟಿ ಊದಿದರು. ಎಲ್ಲರೂ ಓಡಿದೆವು. ಮೊದಲ ಅಲೆ ಬಂತು, ತಲೆ ತಗ್ಗಿಸಿ ಅದರ ಕೆಳಗೆ ಹೋದೆ. ಎರಡನೆಯದೂ ಆಯಿತು. ಆಮೇಲೆ ಈಜತೊಡಗಿದೆ. ಮುಖ ಒಳಗಿಟ್ಟರೆ ಏನೂ ಕಾಣುವುದಿಲ್ಲ ಕಣೋ. ಹಸಿರು ಮಿಶ್ರಿತ ಕಂದು ಬಣ್ಣ, ಅಷ್ಟೆ. ಚಾಚಿದ ಕೈ ಮೊಣಕೈಯಿಂದಾಚೆ ಮಾಯ. ಕಪ್ಪು ಗೆರೆ ಇಲ್ಲ, ತಳ ಇಲ್ಲ. ಯಾರದೋ ಕೈ ನನ್ನ ಕಾಲಿನ ಮೇಲೆ, ಯಾರದೋ ಹಿಮ್ಮಡಿ ನನ್ನ ಕನ್ನಡಕಕ್ಕೆ ಬಡಿಯಿತು. ಉಸಿರಿಗೆ ಅಂತ ಬಾಯಿ ತೆರೆದೆ, ಅದೇ ಹೊತ್ತಿಗೆ ಅಲೆ ಬಂತು. ಬಾಯಿ ತುಂಬ ಉಪ್ಪು.

ಅಲ್ಲಿಂದಾಚೆ ನನ್ನ ಮೈ ನನ್ನ ಮಾತು ಕೇಳಲಿಲ್ಲ. ಉಸಿರು ಹೊರಗೆ ಹೋಗುತ್ತಿಲ್ಲ, ಒಳಗೂ ಬರುತ್ತಿಲ್ಲ. ಎದೆ ಕಟ್ಟಿಹೋಯಿತು. ಒಂಬತ್ತು ತಿಂಗಳು ಕಲಿತದ್ದೆಲ್ಲ ಎಲ್ಲಿ ಹೋಯಿತೋ! ಅಲ್ಲೇ ನೆಟ್ಟಗೆ ನಿಂತುಕೊಂಡವನ ಹಾಗೆ ಕೈಕಾಲು ಬಡಿಯುತ್ತಿದ್ದೆ. ನಾನು ಮುಳುಗುತ್ತಿರಲಿಲ್ಲ, ಆದರೆ ಮುಳುಗುತ್ತೇನೆ ಅಂತ ಪೂರ್ತಿ ನಂಬಿದ್ದೆ. ಟ್ರಯಥ್ಲಾನ್‌ನಲ್ಲಿ ಜೀವ ಹೋಗಿರುವುದು ಜಾಸ್ತಿ ಈಜಿನಲ್ಲೇ ಅಂತ ಓದಿದ್ದೆ. ಅದೇ ನೆನಪಾಗಬೇಕೇ ಆಗ!

ಕೈ ಎತ್ತಿದೆ. ಕಾಯಕ್‌ನಲ್ಲಿ ಒಬ್ಬ ಹುಡುಗ ಬಂದ. ಇಪ್ಪತ್ತು ವರ್ಷ ಇರಬಹುದು. "ಎಂತ ಆಯ್ತು ಅಣ್ಣ? ಹಿಡ್ಕೊಳ್ಳಿ. ಹೆದರ್ಬೇಡಿ, ಟೈಮ್ ಉಂಟು." ಹಿಡಿದುಕೊಂಡೆ. ಆದರೂ ಉಸಿರು ಸರಿಹೋಗಲಿಲ್ಲ. ದಡ ನೋಡಿದರೆ ಗಾಳಿಮರಗಳು ಬೆರಳುದ್ದ ಕಾಣುತ್ತಿವೆ. ಬೋಯ್ ಇನ್ನೂ ದೂರ. "ವಾಪಸ್ ಬಿಡ್ಬೇಕಾ?" ಅಂದ ಹುಡುಗ. ಹೂಂ ಅನ್ನಲು ಬಾಯಿ ತೆರೆದಿದ್ದೆ.

ಆಗ ನೀನು ಬಂದೆ.

ಐದನೇ ಕ್ಲಾಸಿನ ಬೇಸಿಗೆ ರಜೆ. ಗೌಡರ ಕಪಿಲೆ ಬಾವಿ. ನಾನು ಬುರುಡೆ ಬಿಡಲು ಹೆದರುತ್ತಿದ್ದೆ. ಉಳಿದವರೆಲ್ಲ ಮೇಲಿನ ಕಲ್ಲಿನಿಂದ ದುಮುಕುತ್ತಿದ್ದರೆ ನಾನು ಕೊನೇ ಮೆಟ್ಟಿಲು ಹಿಡಿದು ನಿಂತಿರುತ್ತಿದ್ದೆ. ನನಗಿದ್ದ ಭಯ ಏನು ಅಂತ ನಿನಗೊಬ್ಬನಿಗೇ ಗೊತ್ತಿತ್ತು. ಕಿವಿಗೆ ನೀರು ಹೋದರೆ ಸತ್ತೇಹೋಗುತ್ತೇನೆ ಅಂತ. ಅದಕ್ಕೇ ಕತ್ತು ಎತ್ತಿಕೊಂಡೇ ಇರುತ್ತಿದ್ದೆ, ಕತ್ತು ಎತ್ತಿದಷ್ಟೂ ಸೊಂಟ ಕೆಳಗೆ ಇಳಿಯುತ್ತಿತ್ತು. ನೀನು ಒಂದು ದಿನ ಬುರುಡೆಯ ಹಗ್ಗ ಬಿಚ್ಚಿದೆ. ನನ್ನನ್ನು ಅಂಗಾತ ಮಲಗಿಸಿ ಬೆನ್ನ ಕೆಳಗೆ ಅಂಗೈ ಇಟ್ಟೆ. "ಕಿವಿ ಮುಳುಗ್ಲಿ ಬಿಡೋ, ಏನೂ ಆಗಲ್ಲ. ಮೇಲೆ ನೋಡು." ಬಾವಿಯ ಬಾಯಲ್ಲಿ ದುಂಡನೆಯ ಆಕಾಶ, ಅಂಚಿನಲ್ಲಿ ಹೊಂಗೆ ಕೊಂಬೆ. ನಿನ್ನ ಅಂಗೈ ಯಾವಾಗ ತೆಗೆದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಕಾಯಕ್ ಬಿಟ್ಟೆ. ಅಂಗಾತ ಮಲಗಿದೆ. ಹೊಟ್ಟೆ ಮೇಲಕ್ಕೆ, ಕತ್ತು ಸಡಿಲ, ಕಿವಿ ನೀರೊಳಗೆ. ಮೈಕಿನ ಹಾಡು, ಸೀಟಿ, ಕೂಗಾಟ ಎಲ್ಲ ಒಂದೇ ಸಲಕ್ಕೆ ನಿಂತುಹೋಯಿತು. ಉಳಿದದ್ದು ನನ್ನ ಉಸಿರಿನ ಸದ್ದು ಮಾತ್ರ, ಬಾವಿಯಲ್ಲಿ ಕೇಳಿಸುತ್ತಿದ್ದ ಅದೇ ಸದ್ದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದಕ್ಕೇ ಅದು ಬಾವಿ ನೀರಿಗಿಂತ ಚೆನ್ನಾಗಿ ನಮ್ಮನ್ನು ಎತ್ತಿ ಹಿಡಿಯುತ್ತದೆ. ನಾನು ಏನೂ ಮಾಡಬೇಕಾಗಿರಲಿಲ್ಲ. ಅಲೆ ಬಂದರೆ ಮೇಲಕ್ಕೆ, ಹೋದರೆ ಕೆಳಕ್ಕೆ. ಇಪ್ಪತ್ತು ಉಸಿರು ಎಣಿಸಿದೆ. ಬಿಡುವ ಉಸಿರು ಉದ್ದ, ಎಳೆಯುವುದು ಗಿಡ್ಡ. ಆಮೇಲೆ ಹುಡುಗನಿಗೆ ಹೆಬ್ಬೆರಳು ತೋರಿಸಿ ಮಗುಚಿಕೊಂಡು ಈಜತೊಡಗಿದೆ.

ಉಸಿರು ಬಿಗಿಹಿಡಿಯುವುದೇ ಎಡವಟ್ಟು ಅಂತ ಆಮೇಲೆ ಅನುಭವಸ್ಥರು ಹೇಳಿದರು. ಒಳಗಿನ ಗಾಳಿ ಪೂರ್ತಿ ಹೊರಹಾಕದೆ ಇದ್ದರೆ ಎದೆ ಇನ್ನೂ ಬೇಕು ಇನ್ನೂ ಬೇಕು ಅನ್ನುತ್ತದೆ, ಗಾಬರಿ ಅಲ್ಲಿಂದಲೇ ಶುರು. ನಾನು ನೀರೊಳಗೆ ಗುಳುಗುಳು ಅಂತ ಗುಳ್ಳೆ ಬಿಡುತ್ತಾ ಹೋದೆ. ಎಂಟು ಸಲ ಕೈ ಬೀಸಿದ ಮೇಲೆ ಒಂದು ಸಲ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ ಬೋಯ್ ಎಲ್ಲಿದೆ ಅಂತ ನೋಡುವುದು. ದಡದ ಕಡೆ ತಿರುಗಿದಾಗ ಇನ್ನೊಂದು ಪೇಚು. ಪಶ್ಚಿಮದ ಕಡಲಲ್ಲವೇ, ಸೂರ್ಯ ಮರಗಳ ತಲೆಯ ಮೇಲೆ ಬಂದಿದ್ದ, ನೇರ ಕಣ್ಣಿಗೇ ಹೊಡೆಯುತ್ತಿದ್ದ. ಏನೂ ಕಾಣದೆ ಮುಂದಿನವರ ಟೋಪಿಯ ಬಣ್ಣ ನೋಡಿಕೊಂಡು ಬಂದೆ. ಕೊನೆಯ ಅಲೆ ಹಿಂದಿನಿಂದ ನೂಕಿತು. ಮರಳು ಕೈಗೆ ತಾಕಿತು. ಎದ್ದು ನಿಂತೆ, ತಲೆ ಸುತ್ತಿತು, ಅಷ್ಟು ಹೊತ್ತು ಮಲಗಿದ್ದ ಮೈ ಅಲ್ಲವೇ. ಗಡಿಯಾರ ನೋಡಿದೆ, 24 ನಿಮಿಷ. ಮರಳಿನ ಮೇಲೆ ಓಡುತ್ತಾ ಅಳುತ್ತಿದ್ದೆ ಕಣೋ. ಒದ್ದೆ ಮುಖ, ಯಾರಿಗೂ ಗೊತ್ತಾಗಲಿಲ್ಲ.

ಸೈಕಲ್ ಬಗ್ಗೆ ಹೇಳಲು ಅಷ್ಟೇನಿಲ್ಲ. ದಾರಿ ಸಪಾಟು. ಮುಂದಿನವರ ಹಿಂದೆಯೇ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಅಂತರ ಬಿಟ್ಟು ಹೋಗಬೇಕು. ಒಂದು ಸಲ ಚೈನ್ ಕಳಚಿತು, ಹಾಕಿಕೊಂಡೆ. ಒಂದು ಮನೆಯ ಮುಂದೆ ಮೂವರು ಮಕ್ಕಳು ನಿಂತು ಪ್ರತಿ ಸುತ್ತಿಗೂ ಚಪ್ಪಾಳೆ ತಟ್ಟಿದರು. 46 ನಿಮಿಷ.

ಓಟ ಮಾತ್ರ ಕಷ್ಟ. ಸೈಕಲ್ ಇಳಿದ ಕಾಲು ಕಾಲಲ್ಲ, ಎರಡು ಒನಕೆ. ಅಷ್ಟು ಹೊತ್ತು ಸೊಂಟ ಬಗ್ಗಿಸಿಕೊಂಡು ಒಂದೇ ಸುತ್ತು ತಿರುಗಿದ ಕಾಲಿಗೆ ನೆಟ್ಟಗೆ ನಿಂತು ಓಡು ಅಂದರೆ ಅರ್ಥವೇ ಆಗುವುದಿಲ್ಲ. ಸೈಕಲ್ ಆದ ತಕ್ಷಣ ಓಡುವ ಅಭ್ಯಾಸಕ್ಕೆ ಬ್ರಿಕ್ ಅನ್ನುತ್ತಾರೆ. ನಾನು ತಿಂಗಳಿಗೆ ಎರಡು ಮಾಡಿದ್ದೆ, ಇನ್ನೂ ಜಾಸ್ತಿ ಮಾಡಬೇಕಿತ್ತು. ಎಂಟು ಗಂಟೆಗೇ ಸೆಕೆ ಏರಿತ್ತು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಕರಾವಳಿಯದು ಬೇಯಿಸುತ್ತದೆ. ಬೆವರು ಆರುವುದೇ ಇಲ್ಲ. ಮೂರನೇ ಕಿಲೋಮೀಟರಿನಲ್ಲಿ ನಡೆದೆ. ಅರವತ್ತು ದಾಟಿದ ಒಬ್ಬ ಹೆಂಗಸು ನನ್ನನ್ನು ದಾಟಿ ಹೋಗುತ್ತಾ "ಬನ್ನಿ ಬನ್ನಿ" ಅಂದರು. ಅವರ ಬೆನ್ನ ಹಿಂದೆಯೇ ಹೋದೆ, ಕೊನೆಯವರೆಗೂ ಅವರು ಸಿಗಲಿಲ್ಲ. ಎಲ್ಲ ಸೇರಿ 1 ಗಂಟೆ 49 ನಿಮಿಷ.

ಆಮೇಲೆ ಆ ಕಾಯಕ್ ಹುಡುಗನನ್ನು ಹುಡುಕಿಕೊಂಡು ಹೋದೆ. ಮೀನುಗಾರರ ಮನೆಯವನು. "ನೀವು ಅಂಗಾತ ಬಿದ್ದದ್ದು ನೋಡಿ ನಂಗೆ ಧೈರ್ಯ ಬಂತು, ಅದು ಬರುವವರು ಮುಳುಗುದಿಲ್ಲ" ಅಂದ. ಎಲ್ಲಿ ಕಲಿತದ್ದು ಅಂತ ಕೇಳಿದ. ಹೇಳಿದೆ, ನಿನ್ನ ಹೆಸರು ಹಿಡಿದೇ ಹೇಳಿದೆ.

ಈಗ ಒಂದು ವಿಷಯ. ಗೌಡರ ಬಾವಿಯೊಳಗೆ ಜಾಲಿ ಬೆಳೆದಿದೆ ಅಂತ ಹೋದ ಸಲ ಬಂದಾಗ ನೋಡಿದೆ. ಬೋರ್‌ವೆಲ್ ಬಂದ ಮೇಲೆ ನಮ್ಮೂರಲ್ಲಿ ಈಜು ಕಲಿತ ಮಕ್ಕಳು ಎಷ್ಟು ಜನ ಇದ್ದಾರೆ ಹೇಳು. ಬಾವಿ ಹೋಯಿತು, ಕೃಷಿ ಹೊಂಡ ಬಂತು. ಅದರ ಅಂಚಿಗೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ಮೆಟ್ಟಿಲಿಲ್ಲ, ಹಿಡಿಯಲು ಕಲ್ಲಿಲ್ಲ. ಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ ಪೇಪರಿನಲ್ಲಿ ಓದುವಾಗಲೆಲ್ಲ ಕರುಳು ಕಿವುಚುತ್ತದೆ. ನಿನ್ನ ತೋಟದಲ್ಲೂ ಹೊಂಡ ಇದೆ. ಸುತ್ತ ಬೇಲಿ ಹಾಕಿದ್ದೀಯಾ? ಒಂದು ಹಗ್ಗವನ್ನಾದರೂ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡು. ಇವತ್ತೇ ಮಾಡು.

ನಿನ್ನ ಮಗಳಿಗೆ ಹತ್ತು ವರ್ಷ, ನನ್ನ ಮಗನಿಗೆ ಒಂಬತ್ತು. ಅವನು ಕೊಳದಲ್ಲಿ ಈಜುತ್ತಾನೆ, ಆದರೆ ಕಾಲು ಸಿಗದ ನೀರು ಕಂಡಿಲ್ಲ. ನಿಮ್ಮ ಚಿಕ್ಕಪ್ಪನ ತೋಟದ ಬಾವಿಗೆ ಹೋದ ಮಳೆಯಲ್ಲಿ ನೀರು ಬಂದಿದೆ, ಮೆಟ್ಟಿಲೂ ಗಟ್ಟಿ ಇದೆ ಅಂದಿದ್ದೆಯಲ್ಲ. ಯುಗಾದಿಗೆ ನಾಲ್ಕು ದಿನ ರಜೆ ಹಾಕಿ ಬರುತ್ತೇನೆ. ನಾವಿಬ್ಬರೂ ನೀರಿಗೆ ಇಳಿಯೋಣ, ಮಕ್ಕಳನ್ನು ಒಬ್ಬೊಬ್ಬರನ್ನೇ ಇಳಿಸೋಣ. ಹಗ್ಗ ನಾನು ತರುತ್ತೇನೆ. ನಿಮ್ಮ ಅವ್ವ ಅಟ್ಟದ ಮೇಲೆ ಸೋರೆಬುರುಡೆ ಇಟ್ಟಿರುತ್ತಿದ್ದರು, ಇದೆಯಾ ಅಂತ ನೋಡು. ಇಲ್ಲದಿದ್ದರೆ ಈ ಸಲ ಬಳ್ಳಿಯಲ್ಲಿ ಎರಡು ಕಾಯಿ ಕೀಳದೆ ಬಲಿಯಲು ಬಿಡು.

ನಿನ್ನ ಗೆಳೆಯ