ಉಚಿತ ಡೆಮೋ ದಿನ ಕರೆಂಟ್ ಏರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಮೈಗೆ ಕರೆಂಟ್ ಕೊಟ್ಟು ವ್ಯಾಯಾಮ ಮಾಡಿಸುವ ಇ.ಎಂ.ಎಸ್. (ಎಲೆಕ್ಟ್ರಿಕಲ್ ಮಸಲ್ ಸ್ಟಿಮ್ಯುಲೇಶನ್) ಸ್ಟುಡಿಯೋಗಳ ಜಾಹೀರಾತು ಈಗ ಎಲ್ಲಿ ನೋಡಿದರೂ ಕಾಣುತ್ತದೆ. ನಿಮ್ಮ ಭಾನುವಾರದ ಪುರವಣಿಯಲ್ಲೂ ಒಂದು ಬಂದಿತ್ತು. ಒದ್ದೆ ಮಾಡಿದ ಎಲೆಕ್ಟ್ರೋಡ್ ಜಾಕೆಟ್ ಹಾಕಿಕೊಳ್ಳಿ, 20 ನಿಮಿಷ ಕೈಕಾಲು ಆಡಿಸಿ, ಗಂಟೆಗಟ್ಟಲೆ ಜಿಮ್ ಮಾಡಿದಷ್ಟು ಫಲ ಸಿಗುತ್ತದೆ, ಮೊದಲ ಸೆಷನ್ ಫ್ರೀ ಅಂತ. ನನ್ನ ತಕರಾರು ಇರುವುದು ಆ ಕೊನೆಯ ಮಾತಿನ ಬಗ್ಗೆ.

ನಾನು ರಾಜಾಜಿನಗರದಲ್ಲಿ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತೇನೆ. ಕರೆಂಟ್ ಕಂಡರೆ ನನಗೆ ಭಯವೂ ಇಲ್ಲ, ಸಿಟ್ಟೂ ಇಲ್ಲ. ಮಂಡಿ ಲಿಗಮೆಂಟ್ ಆಪರೇಷನ್ ಆದವರಿಗೆ ತೊಡೆಯ ಮಾಂಸಖಂಡ ಎಷ್ಟೇ ಬಿಗಿ ಮಾಡಿ ಅಂದರೂ ಬಿಗಿಯಾಗುವುದಿಲ್ಲ. ಆಗ ತೊಡೆಗೆ ಪ್ಯಾಡ್ ಅಂಟಿಸಿ ಸ್ಟಿಮ್ಯುಲೇಟರ್ ಹಾಕುತ್ತೇವೆ. ಅದರಿಂದ ಅನುಕೂಲ ಆಗುವುದನ್ನು ದಿನವೂ ನೋಡುತ್ತೇನೆ. ನಮ್ಮ ಕಡೆ ‘ಕರೆಂಟ್ ಇಡಿಸಿಕೊಂಡು ಬಂದೆ’ ಅನ್ನುತ್ತಾರಲ್ಲ, ಅದರಲ್ಲಿ ಎರಡು ಬಗೆ ಇದೆ. ನೋವು ಕಡಿಮೆ ಮಾಡಲು ಇಡುವುದು ಟೆನ್ಸ್. ಮಾಂಸಖಂಡವನ್ನೇ ಕುಗ್ಗಿಸುವುದು ಇನ್ನೊಂದು. ಸ್ಟುಡಿಯೋದವರು ಬಳಸುವುದು ಈ ಎರಡನೆಯದು. ಆದರೆ ಒಂದು ತೊಡೆಗಲ್ಲ. ತೊಡೆ, ಪೃಷ್ಠ, ಹೊಟ್ಟೆ, ಬೆನ್ನು, ಎದೆ, ತೋಳು, ಎಲ್ಲಕ್ಕೂ ಒಟ್ಟಿಗೇ.

ಇದರಲ್ಲೇನು ಜಾಸ್ತಿ ಅಪಾಯ ಅಂದರೆ, ನಾವಾಗಿಯೇ ಬಕೆಟ್ ಎತ್ತುವಾಗ ನರಮಂಡಲ ಮೊದಲು ಮಾಂಸಖಂಡದ ಸಣ್ಣ ಎಳೆಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಭಾರ ಹೆಚ್ಚಿದಂತೆ ದೊಡ್ಡವನ್ನು ಕರೆಯುತ್ತದೆ. ಸುಸ್ತಾದವಕ್ಕೆ ಬದಲಿ ಹುಡುಕುತ್ತದೆ. ಹೊರಗಿನ ಕರೆಂಟಿಗೆ ಈ ಸರದಿ ಗೊತ್ತಿಲ್ಲ. ಪ್ಯಾಡಿನ ಹತ್ತಿರ ಸಿಕ್ಕ ಎಳೆಗಳನ್ನೇ ಪ್ರತಿ ಸಲ ಎಳೆಯುತ್ತದೆ. ಸಾಮಾನ್ಯವಾಗಿ ಇಡುವ ಸೆಟ್ಟಿಂಗ್ 85 ಹರ್ಟ್ಸ್, ಅಂದರೆ ಸೆಕೆಂಡಿಗೆ 85 ಮಿಡಿತ. ನಾಲ್ಕರಿಂದ ಆರು ಸೆಕೆಂಡ್ ಆನ್, ಆಮೇಲೆ ನಾಲ್ಕು ಸೆಕೆಂಡ್ ಬಿಡುವು, ಮತ್ತೆ ಆನ್. ಅಭ್ಯಾಸವಿಲ್ಲದ ಮಾಂಸಖಂಡ ಇದನ್ನು ತಡೆಯಲಾರದೆ ಒಡೆದರೆ ಒಳಗಿನ ಪ್ರೋಟೀನುಗಳು ರಕ್ತಕ್ಕೆ ಸೇರುತ್ತವೆ. ಸೋಸುವ ಭಾರ ಕಿಡ್ನಿಯ ಮೇಲೆ ಬೀಳುತ್ತದೆ. ವೈದ್ಯರು ಇದಕ್ಕೆ ರ‍್ಯಾಬ್ಡೋಮಯೋಲಿಸಿಸ್ ಅನ್ನುತ್ತಾರೆ.

ಇದು ಆ ದಿನ ಗೊತ್ತಾಗುವುದೇ ಇಲ್ಲ. ಒಡೆದ ಮಾಂಸಖಂಡದಿಂದ ರಕ್ತಕ್ಕೆ ಸೇರುವ ಸಿ.ಕೆ. ಅನ್ನುವ ಕಿಣ್ವ ಎಲ್ಲಕ್ಕಿಂತ ಹೆಚ್ಚಾಗುವುದು ಮೂರನೇ, ನಾಲ್ಕನೇ ದಿನಕ್ಕೆ. ಅಷ್ಟರಲ್ಲಿ ‘ಸೂಪರ್ ಆಗಿತ್ತು’ ಅಂತ ಐದು ಸ್ಟಾರ್ ಕೊಟ್ಟಾಗಿರುತ್ತದೆ.

ಈಗ ಫ್ರೀ ಡೆಮೋ ವಿಷಯಕ್ಕೆ ಬರೋಣ. ಸ್ಟುಡಿಯೋದವರಿಗೆ ಪ್ಯಾಕೇಜ್ ಮಾರಬೇಕು, ಕೈಯಲ್ಲಿರುವುದು 20 ನಿಮಿಷ. ಮೈಗೆ ಏನೂ ಗೊತ್ತಾಗದಿದ್ದರೆ ಗಿರಾಕಿ ‘ಯೋಚನೆ ಮಾಡಿ ಹೇಳ್ತೀನಿ’ ಅಂತ ಎದ್ದು ಹೋಗುತ್ತಾನೆ. ಹಾಗಾಗಿ ಕರೆಂಟ್ ಏರಿಸುತ್ತಾರೆ. ಗಿರಾಕಿಯೂ ಕಡಿಮೆಯಲ್ಲ, ಜೊತೆಗೆ ಬಂದ ಸ್ನೇಹಿತರ ಮುಂದೆ ‘ಇನ್ನೂ ಏರಿಸಿ ಸಾರ್’ ಅನ್ನುತ್ತಾನೆ. ಎಲ್ಲಕ್ಕಿಂತ ಮೆಲ್ಲಗೆ ಇರಬೇಕಾದ ದಿನವೇ ಎಲ್ಲಕ್ಕಿಂತ ಜೋರಾಗುತ್ತದೆ.

ಹೋದ ಬೇಸಿಗೆಯಲ್ಲಿ ಬೆಳ್ಳಂದೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಫೋನ್ ಮಾಡಿದ. ದಿನಾ ಓಡುವವನು, ಗಟ್ಟಿಮುಟ್ಟಾದ ಮೈ. ಶನಿವಾರ ಡೆಮೋಗೆ ಹೋಗಿದ್ದನಂತೆ. ಸೋಮವಾರ ಟೀ ಶರ್ಟ್ ಹಾಕಿಕೊಳ್ಳಲು ಕೈ ಮೇಲೇಳುತ್ತಿಲ್ಲ. ‘ಒಂದು ಮಸಾಜ್ ಮಾಡಿದರೆ ಸರಿ ಹೋಗುತ್ತೆ ಅಲ್ವಾ ಮೇಡಂ?’ ಅಂದ. ಮೂತ್ರ ಯಾವ ಬಣ್ಣ ಬರುತ್ತಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿ ಡಿಕಾಕ್ಷನ್ ಥರ ಇದೆ ಅಂದ. ಮಸಾಜ್ ಬೇಡ, ಈಗಲೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು ಅಂತ ಬೈದು ಕಳಿಸಿದೆ. ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿದರು. ಕಿಡ್ನಿಗೆ ಏನೂ ಆಗಲಿಲ್ಲ, ಹುಷಾರಾದ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬೇರೆ ನುಂಗಿದ್ದ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಇಂಥ ಹೊತ್ತಿನಲ್ಲಿ ಕಿಡ್ನಿಗೆ ಇನ್ನಷ್ಟು ತೊಂದರೆ ಕೊಡುತ್ತವೆ. ಸ್ಟುಡಿಯೋದವರು ಹೇಳಿದ್ದೇನು ಗೊತ್ತಾ? ‘ನೀವು ನೀರು ಸರಿಯಾಗಿ ಕುಡಿದಿಲ್ಲ.’

ಈ ಜಾಕೆಟ್ ತರಬೇತಿ ಹೆಚ್ಚು ಬೆಳೆದದ್ದು ಜರ್ಮನಿಯಲ್ಲಿ. ಅಲ್ಲಿನ ತಜ್ಞರೇ 2016ರಲ್ಲಿ ಮಾರ್ಗಸೂಚಿ ಕೊಟ್ಟರು. ಮೊದಲ ಸೆಷನ್‌ನಲ್ಲಿ ಯಾವ ಕಾರಣಕ್ಕೂ ದಣಿಯುವವರೆಗೆ ಮಾಡಿಸಬಾರದು. ಕರೆಂಟೂ ಕಡಿಮೆ, ಸಮಯವೂ ಕಡಿಮೆ ಇರಬೇಕು. ಮೊದಲ ಎಂಟು ಹತ್ತು ವಾರ ವಾರಕ್ಕೆ ಒಂದೇ ಸಲ. ಹೀಗೆ ನಿಧಾನಕ್ಕೆ ಹೋದರೆ ದೇಹ ಒಗ್ಗಿಕೊಳ್ಳುತ್ತದೆ, ಸಿ.ಕೆ. ಅಷ್ಟೊಂದು ಏರುವುದಿಲ್ಲ. 2020ರ ಕೊನೆಯಲ್ಲಿ ಜಾರಿಗೆ ಬಂದ ಅಲ್ಲಿನ ಸರ್ಕಾರಿ ನಿಯಮದಲ್ಲಿ ಇದನ್ನು ಮಾಡಿಸುವವರಿಗೆ ನಿಗದಿಯಾದ ತರಬೇತಿ ಇರಲೇಬೇಕು ಎಂದಿದೆ. ಇನ್ನು ತೂಕ ಇಳಿಯುತ್ತೆ, ಸಿಕ್ಸ್ ಪ್ಯಾಕ್ ಬರುತ್ತೆ ಅನ್ನುವ ಮಾತು. ಅದಕ್ಕಾಗಿ ಇಂಥ ಯಾವ ಯಂತ್ರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳನ್ನು ನಿಯಂತ್ರಿಸುವ ಎಫ್‌ಡಿಎ ಹೇಳಿದೆ.

ನಮ್ಮಲ್ಲಿ? ನನ್ನ ಎರಡು ಮಂಚದ ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಬೇಕು. ಬೇಕು ಸರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಇಡೀ ಮೈಗೆ ಕರೆಂಟ್ ಕೊಡುವ ಜಾಗ ‘ಫಿಟ್‌ನೆಸ್’ ಅಂತ ಬೋರ್ಡ್ ಹಾಕಿಕೊಂಡರೆ ಯಾರು ಹೋಗಿ ನೋಡುತ್ತಾರೆ? ಆರೋಗ್ಯ ಇಲಾಖೆ ಈ ಸ್ಟುಡಿಯೋದವರನ್ನು ಕೂಡಿಸಿ ಮಾತಾಡಲಿ. ಕನಿಷ್ಠ ಒಂದು ಆರೋಗ್ಯ ಫಾರಂ, ತರಬೇತಿ ಪಡೆದ ಟ್ರೈನರ್, ಮೊದಲ ದಿನಕ್ಕೆ ಒಂದು ಮಿತಿ, ಇಷ್ಟನ್ನಾದರೂ ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ ಹೊಸಬರು ನೀವೇ ನೋಡಿಕೊಳ್ಳಬೇಕು. ಪೇಸ್‌ಮೇಕರ್ ಇದೆಯಾ, ಗರ್ಭಿಣಿಯಾ, ಫಿಟ್ಸ್ ಬರುತ್ತಾ, ಹರ್ನಿಯಾ ಇದೆಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಕ್ಯಾನ್ಸರ್ ಚಿಕಿತ್ಸೆ ನಡೆದಿದೆಯಾ, ಇದ್ಯಾವುದನ್ನೂ ಕೇಳದೆ ಬರೀ ಮೊಬೈಲ್ ನಂಬರ್ ಕೇಳಿ ಜಾಕೆಟ್ ತೊಡಿಸಲು ಬಂದರೆ ಚಪ್ಪಲಿ ಹಾಕಿಕೊಂಡು ಹೊರಡಿ. ಏಕಾದಶಿ ಉಪವಾಸದ ದಿನ ಹೋಗಬೇಡಿ. ಜ್ವರ ಇದ್ದಾಗಲೂ ಬೇಡ. ಹೊಟ್ಟೆಗೆ ಏನಾದರೂ ಹಾಕಿಕೊಂಡು, ನೀರು ಕುಡಿದು ಹೋಗಿ. ಜೋರಾದಾಗ ‘ಸಾಕು’ ಅನ್ನಲು ನಾಚಿಕೆ ಬೇಡ. ಮೂತ್ರದ ಬಣ್ಣ ಕಪ್ಪಾದರೆ ಫಿಸಿಯೋಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಸ್ಟುಡಿಯೋ ಮಾಲೀಕರಿಗೂ ಒಂದು ಮಾತು. ಉಚಿತ ಸೆಷನ್ ಕೊಡಲೇಬೇಕು ಅಂತಿದ್ದರೆ ಹತ್ತನೇ ವಾರದ್ದನ್ನು ಉಚಿತ ಕೊಡಿ. ಮೊದಲನೆಯದಕ್ಕೆ ದುಡ್ಡು ತೆಗೆದುಕೊಂಡು, ನಿಧಾನವಾಗಿ ಮಾಡಿಸಿ.

— ಒಬ್ಬ ಫಿಸಿಯೋಥೆರಪಿಸ್ಟ್, ರಾಜಾಜಿನಗರ, ಬೆಂಗಳೂರು